ಉಪನೇತ್ರವೂ ಸುಲೋಚನವೂ

ಕನ್ನಡಕದ ಅಂಗಡಿಯಲ್ಲಿ ದಿನವೂ ನಡೆಯುವ ಒಂದು ವಿನೋದವುಂಟು. ದೂರದ ವಸ್ತು ಸರಿಯಾಗಿ ಕಾಣದವರೊಬ್ಬರು ಹೊಸ ಕನ್ನಡಕ ಮಾಡಿಸಲು ಹೋಗುತ್ತಾರೆ. ಅಂಗಡಿಯವರು ಹತ್ತು ಹದಿನೈದು ಬಗೆಯ ಫ್ರೇಮುಗಳನ್ನು ಮೇಜಿನ ಮೇಲೆ ಹರಡಿ, ಒಂದೊಂದಾಗಿ ಹಾಕಿಕೊಂಡು ನೋಡಿರೆಂದು ಕನ್ನಡಿಯನ್ನು ಮುಂದೆ ಸರಿಸುತ್ತಾರೆ. ಹೊಸ ಫ್ರೇಮಿಗೆ ಇನ್ನೂ ನಂಬರಿನ ಗಾಜು ಕೂಡಿಸಿಲ್ಲ. ಹಳೆಯ ಕನ್ನಡಕವನ್ನು ಕಳಚಿದ್ದಾಗಿದೆ. ಕನ್ನಡಿಯಲ್ಲಿ ಕಾಣುವುದೇನು? ಮಂಜಿನೊಳಗಿನ ಒಂದು ಮುಖ. ಯಾವುದು ಒಪ್ಪುತ್ತದೆಂದು ಕಾಣಬೇಕಾದರೆ ಕನ್ನಡಕ ಬೇಕು; ಕನ್ನಡಕವಾಗಬೇಕಾದರೆ ಯಾವುದು ಒಪ್ಪುತ್ತದೆಂದು ಮೊದಲು ಕಾಣಬೇಕು! ನಮ್ಮ ತರ್ಕಶಾಸ್ತ್ರದವರು ಇಂಥ ಇಕ್ಕಟ್ಟಿಗೆ ಅನ್ಯೋನ್ಯಾಶ್ರಯವೆಂದು ಹೆಸರಿಟ್ಟಿದ್ದಾರೆ. ಕಡೆಗೆ ಜೊತೆಯಲ್ಲಿ ಬಂದ ಹೆಂಡತಿಯೋ ತಂಗಿಯೋ ಸ್ನೇಹಿತನೋ "ಇದು ಚೆನ್ನಾಗಿದೆ" ಎಂದದ್ದೇ ತೀರ್ಪಾಗುತ್ತದೆ.

ನಮ್ಮ ಭಾಷೆಯಲ್ಲಿ ಈ ವಸ್ತುವಿಗೆ ಹೆಸರುಗಳು ಹಲವು. ಮನೆಮಾತಿನಲ್ಲಿ ಕನ್ನಡಕ. ನಲವತ್ತರ ಗಡಿ ದಾಟಿದವರ ಕಣ್ಣಿಗೆ ಬರತಕ್ಕದ್ದೆಂದು ಚಾಳೀಸು. ಪಂಡಿತರು ಅದನ್ನು ಉಪನೇತ್ರವೆಂದರು. ಕಣ್ಣಿಗೆ ನೆರವಾಗುವ ಇನ್ನೊಂದು ಕಣ್ಣು ಎಂದರ್ಥ. ಸುಲೋಚನವೆಂದೂ ಕರೆದರು, ಎಂದರೆ ಸೊಗಸಾದ ಕಣ್ಣು. ಮೊದಲನೆಯ ಹೆಸರು ಪ್ರಯೋಜನವನ್ನು ಹೇಳುತ್ತದೆ, ಎರಡನೆಯದು ಸೌಂದರ್ಯವನ್ನು. ಕನ್ನಡಕದ ಏಳು ಶತಮಾನಗಳಿಗೂ ಮಿಕ್ಕ ಇತಿಹಾಸವನ್ನು ಓದಿದರೆ, ಅದು ಈ ಎರಡು ಹೆಸರುಗಳ ನಡುವಿನ ಜಗಳ ಮತ್ತು ರಾಜಿಯ ಕಥೆಯೇ ಎಂದು ನನಗೆ ತೋರುತ್ತದೆ. ಈ ಪದಗಳಲ್ಲೊಂದನ್ನು ನಾನೇ ಒಮ್ಮೆ ತರಗತಿಯಲ್ಲಿ ತಮಾಷೆಗಾಗಿ ಆಡಿ ಒಂದು ಹುಡುಗಿಗೆ ಕೇಡು ಮಾಡಿದ್ದುಂಟು. ಆ ಮಾತನ್ನು ಮುಂದೆ ಹೇಳುತ್ತೇನೆ; ಮೊದಲು ಇತಿಹಾಸಕ್ಕೆ ಬರೋಣ.

ಕನ್ನಡಕ ಹುಟ್ಟಿದ್ದು ಇಟಲಿ ದೇಶದಲ್ಲಿ, ಹದಿಮೂರನೆಯ ಶತಮಾನದ ಕೊನೆಯ ಭಾಗದಲ್ಲಿ. 1306ರಲ್ಲಿ ಫ್ಲಾರೆನ್ಸ್ ನಗರದಲ್ಲಿ ಜೋರ್ಡಾನೊ ಎಂಬ ದೊಮಿನಿಕನ್ ಪಂಥದ ಸಂನ್ಯಾಸಿ ಧರ್ಮೋಪದೇಶ ಮಾಡುತ್ತ, ಕನ್ನಡಕ ಮಾಡುವ ಕಲೆ ಹುಟ್ಟಿ ಇನ್ನೂ ಇಪ್ಪತ್ತು ವರ್ಷ ತುಂಬಿಲ್ಲವೆಂದೂ, ಅದನ್ನು ಮೊದಲು ಕಂಡುಹಿಡಿದವನನ್ನು ತಾನು ನೋಡಿ ಮಾತನಾಡಿಸಿದ್ದೇನೆಂದೂ ಹೇಳಿದ. ಆದರೆ ಆ ಪುಣ್ಯಾತ್ಮನ ಹೆಸರು ಹೇಳುವುದನ್ನು ಮಾತ್ರ ಮರೆತ! ಅದೇ ಕಾಲದಲ್ಲಿ ಪೀಸಾ ಪಟ್ಟಣದ ಮಠದಲ್ಲಿ ಅಲೆಸ್ಸಾಂಡ್ರೊ ದೆಲ್ಲಾ ಸ್ಪೀನಾ ಎಂಬ ಇನ್ನೊಬ್ಬ ಸಂನ್ಯಾಸಿಯಿದ್ದ. ಆತ ತೀರಿಕೊಂಡದ್ದು 1313ರಲ್ಲಿ. ಮೊದಲು ಕನ್ನಡಕ ಮಾಡಿದವನು ಗುಟ್ಟು ಬಿಟ್ಟುಕೊಡಲಿಲ್ಲ. ಈತ ತಾನೇ ನೋಡಿ ಕಲಿತು, ಮಾಡಿ, ನಗುಮುಖದಿಂದ ಎಲ್ಲರಿಗೂ ಹಂಚಿದನೆಂದು ಆ ಮಠದ ವೃತ್ತಾಂತ ಹೇಳುತ್ತದೆ. ವಿದ್ಯೆಯನ್ನು ಬಚ್ಚಿಟ್ಟವನ ಹೆಸರು ಅಳಿಯಿತು, ಹಂಚಿದವನ ಹೆಸರು ಉಳಿಯಿತು. ಇದರಲ್ಲೊಂದು ನ್ಯಾಯವಿದೆಯಲ್ಲವೆ?

ಆ ಮೊದಲ ಕನ್ನಡಕದ ರೂಪ ಹೇಗಿತ್ತು? ಹಿಡಿಯುಳ್ಳ ಎರಡು ಉಂಗುರಗಳು. ಒಂದೊಂದರಲ್ಲಿ ಒಂದೊಂದು ಪೀನ ಮಸೂರ. ಎರಡು ಹಿಡಿಗಳ ತುದಿಯನ್ನು ಸೇರಿಸಿ ಬಡಿದ ಒಂದು ಮೊಳೆ. ಕತ್ತರಿಯ ಹಾಗೆ ಅಗಲಿಸಿ ಮೂಗಿನ ಮೇಲೆ ಕೂಡಿಸಿಕೊಳ್ಳಬೇಕು, ಇಲ್ಲವೆ ಕೈಯಲ್ಲಿ ಹಿಡಿದುಕೊಳ್ಳಬೇಕು. ಕಿವಿಗೆ ಸಿಕ್ಕಿಸುವ ಕಡ್ಡಿಯಿಲ್ಲ. ಜರ್ಮನಿಯ ವೀನ್‌ಹಾಸೆನ್ ಎಂಬಲ್ಲಿಯ ಸಂನ್ಯಾಸಿನಿಯರ ಮಠದಲ್ಲಿ, ಪ್ರಾರ್ಥನೆಗೆ ಕೂರುವ ಜಾಗದ ನೆಲಹಾಸಿನ ಅಡಿಯಲ್ಲಿ, 1953ರಲ್ಲಿ ಇಂಥ ಮರದ ಕನ್ನಡಕಗಳು ಸಿಕ್ಕಿದವು. ಉಳಿದುಬಂದಿರುವ ಕನ್ನಡಕಗಳಲ್ಲಿ ಅವೇ ಅತ್ಯಂತ ಹಳೆಯವು. ಪ್ರಾರ್ಥನೆಯ ಪುಸ್ತಕ ಓದುತ್ತಿದ್ದ ಯಾವ ಮುದುಕಿಯ ಮೂಗಿನಿಂದ ಜಾರಿ ಹಲಗೆಯ ಸಂದಿಗೆ ಬಿದ್ದವೋ! ಮುಖಕ್ಕೆ ಒಪ್ಪುವುದೇ ಎಂಬ ಪ್ರಶ್ನೆಯನ್ನು ಆಕೆ ಕೇಳಿರಲಾರಳು. ಮೂಗಿನ ಮೇಲೆ ನಿಂತರೆ ಸಾಕಾಗಿತ್ತು. ಆಗ ಅದು ಬರಿಯ ಉಪನೇತ್ರ.

ಆದರೂ ಎರಡನೆಯ ಹೆಸರು ಬಹಳ ಹಿಂದೆ ಉಳಿಯಲಿಲ್ಲ. ಇಟಲಿಯ ಟ್ರೆವೀಸೊ ಪಟ್ಟಣದ ಮಠವೊಂದರ ಗೋಡೆಯ ಮೇಲೆ 1352ರಲ್ಲಿ ಟೊಮ್ಮಾಸೊ ದಾ ಮೊಡೆನಾ ಎಂಬ ಚಿತ್ರಕಾರ ದೊಮಿನಿಕನ್ ಪಂಥದ ಮಹಾವಿದ್ವಾಂಸರ ಚಿತ್ರಗಳನ್ನು ಬರೆದ. ಅವರಲ್ಲಿ ಹ್ಯೂ ಎಂಬ ಕಾರ್ಡಿನಲ್ ಮೂಗಿನ ಮೇಲೆ ಕನ್ನಡಕವಿಟ್ಟು ಬರೆಯುತ್ತ ಕುಳಿತಿದ್ದಾನೆ. ಕನ್ನಡಕ ಧರಿಸಿದ ಮನುಷ್ಯನ ಚಿತ್ರಗಳಲ್ಲಿ ನಮಗೆ ತಿಳಿದಿರುವ ಮೊದಲನೆಯದೇ ಇದು. ವಿನೋದವೆಂದರೆ, ಈ ಕಾರ್ಡಿನಲ್ ತೀರಿಕೊಂಡದ್ದು 1263ರಲ್ಲಿ, ಕನ್ನಡಕ ಹುಟ್ಟುವುದಕ್ಕೆ ಇಪ್ಪತ್ತು ವರ್ಷಗಳಿಗೂ ಮುಂಚೆ! ಚಿತ್ರಕಾರ ಏಕೆ ಹಾಗೆ ಮಾಡಿದ? ಪಂಡಿತನ ಮುಖಕ್ಕೆ ಕನ್ನಡಕ ಒಪ್ಪುತ್ತದೆಂದು ಅವನಿಗೆ ತೋರಿತು. ಹುಟ್ಟಿ ಎಪ್ಪತ್ತು ವರ್ಷದೊಳಗೇ ಕನ್ನಡಕ ಮುಖದ ಅಲಂಕಾರವಾಗಿತ್ತು. ಆದರೆ ಮುದಿತನದ ಮತ್ತು ಪಾಂಡಿತ್ಯದ ಅಲಂಕಾರ. ತರುಣರೂ ತರುಣಿಯರೂ ಅದನ್ನು ಕಂಡು ದೂರ ಸರಿಯಲು ಬೇರೆ ಕಾರಣ ಬೇಕಾಗಲಿಲ್ಲ.

ದೂರ ಕಾಣದ ಎಳೆಯ ಕಣ್ಣಿಗೆ ಬೇಕಾದ ನಿಮ್ನ ಮಸೂರ ಹದಿನೈದನೆಯ ಶತಮಾನದ ಹೊತ್ತಿಗೆ ಬಳಕೆಗೆ ಬಂತು. 1462ರಲ್ಲಿ ಮಿಲಾನಿನ ದೊರೆ ಫ್ರಾಂಚೆಸ್ಕೊ ಸ್ಫೋರ್ಜಾ ಫ್ಲಾರೆನ್ಸಿನಲ್ಲಿದ್ದ ತನ್ನ ರಾಯಭಾರಿಗೆ ಬರೆದ ಕಾಗದವೊಂದು ಉಳಿದಿದೆ. ಮೂರು ಡಜನ್ ಕನ್ನಡಕಗಳನ್ನು ಕಳಿಸಬೇಕು: ಒಂದು ಡಜನ್ ದೂರ ನೋಡುವ ಎಳೆಯರಿಗೆ, ಒಂದು ಡಜನ್ ಹತ್ತಿರ ನೋಡುವ ವಯಸ್ಸಾದವರಿಗೆ, ಇನ್ನೊಂದು ಸಾಧಾರಣವಾದದ್ದು. ಆಸ್ಥಾನದವರು ಅನೇಕರು ತನ್ನನ್ನು ಕೇಳುತ್ತಿದ್ದಾರೆಂಬುದೇ ಕಾರಣ. ಯಾರ ಕಣ್ಣು ಎಷ್ಟು ಮಂದ, ಯಾರ ಮುಖ ಎಷ್ಟು ಅಗಲ ಎಂಬ ವಿಚಾರ ಆ ಕಾಗದದಲ್ಲಿಲ್ಲ. ಬುಟ್ಟಿಯಲ್ಲಿ ಬಂದದ್ದನ್ನು ಒಬ್ಬೊಬ್ಬರೂ ಹಾಕಿ ನೋಡಿ, ಕಂಡದ್ದನ್ನು ಇಟ್ಟುಕೊಳ್ಳುವುದು. ಅಂದಿನ ಪದ್ಧತಿ ಅಷ್ಟೆ.

ನಮ್ಮ ಕರ್ನಾಟಕಕ್ಕೆ ಈ ವಸ್ತು ಎಂದು ಬಂತೆಂದು ನೀವು ಕೇಳಬಹುದು. ಇದಕ್ಕೆ ಒಂದು ಸೊಗಸಾದ ಸಾಕ್ಷ್ಯವಿದೆ. ಕೃಷ್ಣದೇವರಾಯನ ಕಾಲದಲ್ಲಿ, ಎಂದರೆ 1509ರಿಂದ 1529ರ ಅವಧಿಯಲ್ಲಿ, ವಿಜಯನಗರದಲ್ಲಿ ಮಹಾಮನ್ನಣೆ ಪಡೆದ ವ್ಯಾಸತೀರ್ಥರ ಹೆಸರನ್ನು ಕೇಳದವರಿಲ್ಲ. ಪುರಂದರದಾಸರ ಗುರುಗಳಾದ ಈ ಯತಿಗಳ ಚರಿತೆಯನ್ನು ಸೋಮನಾಥನೆಂಬ ಕವಿ 'ವ್ಯಾಸಯೋಗಿಚರಿತ' ಎಂಬ ಸಂಸ್ಕೃತ ಚಂಪೂಕಾವ್ಯವಾಗಿ ಬರೆದ. ಅದನ್ನು 1926ರಲ್ಲಿ ಬೆಂಗಳೂರಿನಲ್ಲಿ ಬಿ. ವೆಂಕೋಬರಾಯರು ಸಂಪಾದಿಸಿ ಪ್ರಕಟಿಸಿದರು. ಸ್ವಾಮಿಗಳು 'ಉಪಲೋಚನಗೋಲಕ'ದ ನೆರವಿನಿಂದ ಗ್ರಂಥವನ್ನು ನೋಡುತ್ತಿದ್ದ ಪ್ರಸ್ತಾಪ ಅದರಲ್ಲಿ ಬರುತ್ತದೆ. ಪುಣೆಯ ವಿದ್ವಾಂಸರಾದ ಪಿ. ಕೆ. ಗೋಡೆಯವರು ಭಾರತದಲ್ಲಿ ಕನ್ನಡಕದ ಇತಿಹಾಸವನ್ನು ಶೋಧಿಸುವಾಗ ಈ ಪ್ರಸ್ತಾಪವನ್ನು ಎತ್ತಿ ತೋರಿಸಿದರು. ಅದರ ಕಾಲ ಸುಮಾರು 1520. ಗೋವೆ ಪೋರ್ಚುಗೀಸರ ಕೈಸೇರಿದ್ದು 1510ರಲ್ಲಿ; ಅವರಿಗೂ ವಿಜಯನಗರಕ್ಕೂ ಕುದುರೆಯ ವ್ಯಾಪಾರ ನಡೆಯುತ್ತಿತ್ತು. ಕುದುರೆ ಬಂದ ದಾರಿಯಲ್ಲೇ ಕನ್ನಡಕವೂ ಬಂದಿರಬಹುದೆಂದು ಊಹಿಸಿದರೆ ತಪ್ಪಾಗಲಾರದು. ಪರದೇಶದ ಹೊಸ ವಸ್ತುವಿಗೆ ನಮ್ಮ ಕವಿ ಒಡನೆಯೇ ಒಂದು ಸಂಸ್ಕೃತ ಪದವನ್ನು ಕಟ್ಟಿದನೆಂಬುದು ನನ್ನಂಥ ಪದಪ್ರಿಯನಿಗೆ ಬಲು ಹಿಗ್ಗಿನ ಸಂಗತಿ. ಇಲ್ಲಿಯೂ ಗಮನಿಸಿ: 'ಉಪಲೋಚನ'ವೇ ಹೊರತು 'ಸುಲೋಚನ'ವಲ್ಲ!

ಕನ್ನಡಕ ಮುಖಕ್ಕೆ ಒಪ್ಪಬೇಕಾದರೆ ಮೊದಲು ಅದು ಮುಖದ ಮೇಲೆ ನಿಲ್ಲಬೇಕಷ್ಟೆ. ನಿಲ್ಲುವ ಉಪಾಯಕ್ಕೇ ನಾಲ್ಕು ಶತಮಾನಗಳು ಹಿಡಿದವು. ಕೆಲವರು ದಾರ ಕಟ್ಟಿ ಕಿವಿಗೆ ಸುತ್ತಿದರು. 1600ರ ಸುಮಾರಿಗೆ ಸ್ಪೇನಿನಲ್ಲಿ ಎಲ್ ಗ್ರೆಕೊ ಬರೆದ ಕಾರ್ಡಿನಲ್ ಒಬ್ಬನ ಚಿತ್ರದಲ್ಲಿ ಈ ದಾರ ಸ್ಪಷ್ಟವಾಗಿ ಕಾಣುತ್ತದೆ. ಆ ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಕಡೆಗೆ 1730ರ ಹೊತ್ತಿಗೆ ಲಂಡನ್ನಿನ ಎಡ್ವರ್ಡ್ ಸ್ಕಾರ್ಲೆಟ್ ಎಂಬ ಕನ್ನಡಕದ ಕಸಬುದಾರ ಎರಡು ಪಕ್ಕಕ್ಕೂ ಗಟ್ಟಿಯಾದ ಕಡ್ಡಿಗಳನ್ನು ಜೋಡಿಸಿದ. ಅವು ಕಿವಿಯ ಹಿಂದಕ್ಕೆ ಹೋಗುತ್ತಿರಲಿಲ್ಲ. ಬಳೆಯಂಥ ತುದಿಗಳು ಕಣತಲೆಯನ್ನು ಒತ್ತಿ ಹಿಡಿಯುತ್ತಿದ್ದವು. 1752ರಲ್ಲಿ ಲಂಡನ್ನಿನವನೇ ಆದ ಜೇಮ್ಸ್ ಆಯ್‌ಸ್ಕೊ ಎಂಬವನು ಕಡ್ಡಿಯ ನಡುವೆ ಇನ್ನೊಂದು ಕೀಲಿಟ್ಟು, ಅದು ತಲೆಯ ಹಿಂದಕ್ಕೆ ಮಡಿಚುವಂತೆ ಮಾಡಿದ. ಅಂದಿನಿಂದ ಕನ್ನಡಕ ಕೈಯನ್ನು ಬಿಟ್ಟು ಮುಖದಲ್ಲಿ ನೆಲೆಸಿತು. ದಿನವಿಡೀ ಮುಖದಲ್ಲಿರುವ ವಸ್ತುವಾದ ಮೇಲೆ ಅದು ಮುಖವನ್ನು ಕೆಡಿಸುತ್ತದೆಯೋ ಮೆರೆಸುತ್ತದೆಯೋ ಎಂಬ ಪ್ರಶ್ನೆ ಏಳಲೇಬೇಕು.

ಎದ್ದಿತು, ಉತ್ತರ ಮಾತ್ರ ಬಹುಕಾಲ ಪ್ರತಿಕೂಲವಾಗಿಯೇ ಇತ್ತು. ಸಭ್ಯ ಸಮಾಜದಲ್ಲಿ ಕನ್ನಡಕ ಹಾಕುವುದೆಂದರೆ ತನ್ನ ಕುಂದನ್ನು ತಾನೇ ಸಾರಿದಂತೆ ಎಂದು ಯೂರೋಪಿನ ಸಿರಿವಂತರು ಭಾವಿಸಿದರು. ಹೆಂಗಸರು ಹಿಡಿಯುಳ್ಳ ಲಾರ್ನೆಟ್ ಎಂಬುದನ್ನು ಕ್ಷಣಕಾಲ ಕಣ್ಣಿಗೆ ಹಿಡಿದು ಇಳಿಸಿಬಿಡುತ್ತಿದ್ದರು. ಬೀಸಣಿಗೆಯೊಳಗೆ ಗಾಜನ್ನು ಅಡಗಿಸಿಟ್ಟವರೂ ಉಂಟು. ಗಂಡಸರು ಮಾನೊಕಲ್ ಎಂಬ ಒಂಟಿ ಗಾಜನ್ನು ಹುಬ್ಬಿಗೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು ಗತ್ತು ಮಾಡಿದರು. ಕಾಣಬೇಕೆಂಬ ಆಸೆಯುಂಟು, ಕಾಣುವುದಕ್ಕಾಗಿ ಕಷ್ಟಪಡುತ್ತಿದ್ದೇನೆಂಬುದು ಇತರರಿಗೆ ಕಾಣಬಾರದು!

ಈ ಸಂಕೋಚ ವೀರರನ್ನೂ ಬಿಡಲಿಲ್ಲ. 1783ರ ಮಾರ್ಚಿ 15ರಂದು ಅಮೆರಿಕದ ನ್ಯೂಬರ್ಗ್ ಎಂಬಲ್ಲಿ ಸೇನೆಯ ಅಧಿಕಾರಿಗಳು ಸಂಬಳ ಬಾರದ ಸಿಟ್ಟಿನಲ್ಲಿ ದಂಗೆಯ ಅಂಚಿಗೆ ಬಂದಿದ್ದರು. ಸೇನಾಪತಿ ಜಾರ್ಜ್ ವಾಷಿಂಗ್ಟನ್ ಸಭೆಗೆ ಬಂದು ಮಾತನಾಡಿದ, ಮಾತು ನಾಟಲಿಲ್ಲ. ಅನಂತರ ಒಂದು ಕಾಗದವನ್ನು ಓದಿ ಹೇಳಲು ತೆಗೆದ, ಅಕ್ಷರ ಹತ್ತಲಿಲ್ಲ. ತಡವರಿಸಿ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಅವನು ಕನ್ನಡಕ ಧರಿಸಿದ್ದನ್ನು ಅಲ್ಲಿದ್ದ ಹೆಚ್ಚು ಮಂದಿ ಅದುವರೆಗೆ ಕಂಡಿರಲಿಲ್ಲ. ದೇಶದ ಸೇವೆಯಲ್ಲಿ ತಲೆ ನರೆತದ್ದಷ್ಟೇ ಅಲ್ಲ, ಕಣ್ಣೂ ಮಂದವಾಗುತ್ತ ಬಂತು, ಕ್ಷಮಿಸಬೇಕು ಎಂಬರ್ಥದ ಮಾತನ್ನು ಅವನು ಆಡಿದಾಗ ಒರಟು ಯೋಧರ ಕಣ್ಣುಗಳು ಒದ್ದೆಯಾದುವಂತೆ. ದಂಗೆ ಅಲ್ಲಿಗೆ ಅಡಗಿತು. ಭಾಷಣಕ್ಕೆ ಆಗದ ಕೆಲಸವನ್ನು ಅಂದು ಒಂದು ಕನ್ನಡಕ ಮಾಡಿತು. ಆದರೆ ಯೋಚಿಸಿ: ಅಷ್ಟು ದೊಡ್ಡ ಮನುಷ್ಯ ಅದನ್ನು ತನ್ನವರ ಕಣ್ಣಿಗೆ ಬೀಳದಂತೆ ಜೇಬಿನಲ್ಲಿ ಇಟ್ಟುಕೊಂಡಿದ್ದನಲ್ಲ!

ಹತ್ತೊಂಬತ್ತನೆಯ ಶತಮಾನದಲ್ಲಿ ಕಣ್ಣಿನ ಪರೀಕ್ಷೆ ಶಾಸ್ತ್ರವಾಯಿತು. ಕಣ್ಣಿನ ಆಸ್ಪತ್ರೆಗಳ ಗೋಡೆಯ ಮೇಲೆ ಮೇಲಿನ ಸಾಲಿನಲ್ಲಿ ದೊಡ್ಡ ಅಕ್ಷರ, ಕೆಳಕೆಳಗೆ ಸಣ್ಣ ಅಕ್ಷರಗಳಿರುವ ಫಲಕವನ್ನು ನೀವು ನೋಡಿಯೇ ಇದ್ದೀರಿ. ಅದನ್ನು 1862ರಲ್ಲಿ ಹಾಲೆಂಡಿನ ಹರ್ಮನ್ ಸ್ನೆಲೆನ್ ಎಂಬ ವೈದ್ಯ ಪ್ರಕಟಿಸಿದ. ಬುಟ್ಟಿಯಲ್ಲಿ ಹುಡುಕಿ ಕಂಡದ್ದನ್ನು ಕೊಳ್ಳುವ ಕಾಲ ಹೋಗಿ, ಅಳೆದು ಗಾಜು ಕೊಡುವ ಕಾಲ ಬಂತು. ಗಾಜಿನ ಆಯ್ಕೆ ವೈದ್ಯರದು, ಫ್ರೇಮಿನ ಆಯ್ಕೆ ನಮ್ಮದು ಎಂಬ ಇಂದಿನ ವಿಭಾಗಕ್ಕೆ ಇದೇ ದಾರಿಯಾಯಿತು.

ಇಪ್ಪತ್ತನೆಯ ಶತಮಾನ ಮುಖದ ಕಡೆಯಿಂದ ವಿಚಾರ ಮಾಡಲು ತೊಡಗಿತು. ಸೆಲ್ಯುಲಾಯಿಡ್ ಮುಂತಾದ ಹೊಸ ವಸ್ತುಗಳಿಂದ ಬೇಕಾದ ಬಣ್ಣದ, ಬೇಕಾದ ಆಕಾರದ ಫ್ರೇಮನ್ನು ಅಗ್ಗವಾಗಿ ಮಾಡಬಹುದೆಂದಾಯಿತು. ಮೂಕಚಿತ್ರಗಳ ಹಾಸ್ಯನಟ ಹೆರಾಲ್ಡ್ ಲಾಯ್ಡ್ 1917ರಲ್ಲಿ ದುಂಡನೆಯ ದಪ್ಪ ಫ್ರೇಮಿನ ಕನ್ನಡಕ ಹಾಕಿ ತೆರೆಯ ಮೇಲೆ ಬಂದ. ಅದರಲ್ಲಿ ಗಾಜೇ ಇರಲಿಲ್ಲ! ಬರಿಯ ಫ್ರೇಮೇ ಅವನಿಗೆ ಒಂದು ಮುಖವನ್ನು ಕೊಟ್ಟಿತು. ಜಪಾನಿನಲ್ಲಿ ದುಂಡು ಕನ್ನಡಕಕ್ಕೆ ಅವನ ಹೆಸರೇ ನಿಂತಿತು. ನಮ್ಮ ಗಾಂಧೀಜಿಯವರ ಕನ್ನಡಕವೂ ದುಂಡನೆಯದೇ. ಅವರು ಚೆಲುವಿಗಾಗಿ ಅದನ್ನು ಆರಿಸಿದವರಲ್ಲ. ಆದರೆ ಎರಡು ವೃತ್ತ ಬರೆದು ನಡುವೆ ಒಂದು ಗೆರೆ ಎಳೆದರೆ ಹಳ್ಳಿಯ ಮಗುವೂ 'ಗಾಂಧಿ ತಾತ' ಎನ್ನುತ್ತದೆ. 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಆಂದೋಲನದ ಲಾಂಛನದಲ್ಲಿ ಮುಖವಿಲ್ಲ, ಕನ್ನಡಕ ಮಾತ್ರವಿದೆ. ಅವರದೆಂದು ಹೇಳಲಾದ ಒಂದು ಜೊತೆ 2020ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2,60,000 ಪೌಂಡಿಗೆ ಹರಾಜಾಯಿತು. ಏನನ್ನೂ ಕೂಡಿಡದವರ ಕನ್ನಡಕಕ್ಕೆ ಬಂದ ಬೆಲೆ ಅದು!

ಹೆಣ್ಣುಮಕ್ಕಳ ಸಂಕೋಚವನ್ನು ಮೊದಲು ಎದುರಿಸಿ ನಿಂತವಳು ನ್ಯೂಯಾರ್ಕಿನ ಆಲ್ಟೀನಾ ಶಿನಾಸಿ ಎಂಬ ಕಲಾವಿದೆ. ಅಂಗಡಿಗಳ ಕಿಟಕಿಯನ್ನು ಅಲಂಕರಿಸುವುದು ಅವಳ ಉದ್ಯೋಗವಾಗಿತ್ತು. ಒಂದು ಕನ್ನಡಕದ ಅಂಗಡಿಯ ಕಿಟಕಿಯಲ್ಲಿ ಹೆಂಗಸರಿಗೆಂದು ಇಟ್ಟಿದ್ದ ಕಳೆಗೆಟ್ಟ ಫ್ರೇಮುಗಳನ್ನು ಕಂಡು ಅವಳಿಗೆ ಬೇಸರವಾಯಿತು. ವೆನಿಸ್ಸಿನ ಉತ್ಸವದಲ್ಲಿ ಜನ ಧರಿಸುವ ಮುಖವಾಡಗಳನ್ನು ನೆನೆದು, ಹೊರ ಅಂಚು ರೆಕ್ಕೆಯಂತೆ ಮೇಲಕ್ಕೆ ಏರಿದ ಹೊಸ ಫ್ರೇಮಿನ ಆಕಾರವನ್ನು ಕಾಗದದಲ್ಲಿ ಕತ್ತರಿಸಿದಳು. ದೊಡ್ಡ ತಯಾರಕರು ಇದು ನಡೆಯದೆಂದು ಹಿಂದಕ್ಕೆ ಕಳಿಸಿದರು. ಒಂದೇ ಒಂದು ಅಂಗಡಿ ಒಪ್ಪಿಕೊಂಡಿತು. 1939ರಲ್ಲಿ ಅದಕ್ಕೆ ಅಮೆರಿಕದ ಒಂದು ಹೆಸರಾಂತ ವಿನ್ಯಾಸ ಪ್ರಶಸ್ತಿ ಬಂತು. ಆಮೇಲಿನ ಎರಡು ದಶಕಗಳಲ್ಲಿ 'ಬೆಕ್ಕಿನ ಕಣ್ಣು' ಎಂಬ ಹೆಸರಿನಿಂದ ಆ ಬಗೆ ಲೋಕವನ್ನೆಲ್ಲ ಸುತ್ತಿತು. ನಮ್ಮ ಹಳೆಯ ಚಲನಚಿತ್ರಗಳ ನಾಯಕಿಯರ ತಂಪುಕನ್ನಡಕಗಳಲ್ಲಿ ನೀವೂ ಕಂಡಿರಬೇಕು. ಅವಳು ಮಾಡಿದ್ದೇನು? ಕೆನ್ನೆಯ ಮತ್ತು ಹುಬ್ಬಿನ ಗೆರೆ ಏರುವ ಕಡೆಗೆ ಫ್ರೇಮಿನ ಗೆರೆಯನ್ನೂ ಏರಿಸಿದಳು. ಮುಖವನ್ನು ನೋಡಿ ಫ್ರೇಮನ್ನು ಬರೆದಳು.

1953ರಲ್ಲಿ ಬಂದ ಒಂದು ಹಾಲಿವುಡ್ ಚಿತ್ರದಲ್ಲಿ ಮೆರಿಲಿನ್ ಮನ್ರೋ ವಹಿಸಿದ ಪಾತ್ರ ಇದೇ ಸಂಕೋಚದ್ದು. ಕನ್ನಡಕ ಹಾಕಿದರೆ ಗಂಡಸರು ತಿರುಗಿ ನೋಡರೆಂದು ಆಕೆ ಅದನ್ನು ಬಚ್ಚಿಟ್ಟು, ಗೋಡೆಗೆ ಡಿಕ್ಕಿ ಹೊಡೆಯುತ್ತಾಳೆ, ಪುಸ್ತಕವನ್ನು ತಲೆಕೆಳಗಾಗಿ ಹಿಡಿಯುತ್ತಾಳೆ. ಕಡೆಗೆ ಪಕ್ಕದಲ್ಲಿ ಕುಳಿತ ಕನ್ನಡಕಧಾರಿಯೊಬ್ಬ, ಹಾಕಿಕೊಂಡರೇ ನೀನು ಚೆನ್ನಾಗಿ ಕಾಣುತ್ತೀ ಎಂದ ಮೇಲೆ ಹಾಕಿಕೊಳ್ಳುತ್ತಾಳೆ. ನೋಡುವವರು ನಕ್ಕರು, ಆದರೆ ಆ ನಗೆಯಲ್ಲಿ ಎಷ್ಟು ಮನೆಯ ಹೆಣ್ಣುಮಕ್ಕಳ ಸಂಕಟ ಅಡಗಿತ್ತೋ! ವಧುಪರೀಕ್ಷೆಯ ದಿನ ಕನ್ನಡಕ ತೆಗೆಸಿ ಕೂಡಿಸಿದ ಮನೆಗಳು ನಮ್ಮಲ್ಲಿ ಕಡಿಮೆಯೆ? ಬಂದವರ ಮುಖವನ್ನೇ ಕಾಣದೆ ಒಪ್ಪಿಗೆ ಕೊಟ್ಟ ಹುಡುಗಿಯರಿದ್ದಾರೆ.

ಇಂಗ್ಲೆಂಡಿನಲ್ಲಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ಕನ್ನಡಕವನ್ನು ಉಚಿತವಾಗಿ ಕೊಟ್ಟರು. 1951ರಲ್ಲಿ ಅದಕ್ಕೆ ಶುಲ್ಕ ಬಂತು. ಸರ್ಕಾರ ಕೊಡುತ್ತಿದ್ದದ್ದು ಕೆಲವೇ ಬಗೆಯ ಸರಳ ಫ್ರೇಮುಗಳು. ಕಣ್ಣು ಕಾಣುವಂತಾಯಿತು ನಿಜ. ಆದರೆ ಆ ಫ್ರೇಮು ಬಡತನದ ಗುರುತೆಂದು ಶಾಲೆಯ ಮಕ್ಕಳು ಒಬ್ಬರನ್ನೊಬ್ಬರು ಹೀಯಾಳಿಸಿದರು. ಮುಂದೆ 1966ರಲ್ಲಿ ಗಾಯಕ ಜಾನ್ ಲೆನನ್ ಒಂದು ಚಿತ್ರದ ಪಾತ್ರಕ್ಕಾಗಿ ಅಂಥದೇ ದುಂಡು ಕನ್ನಡಕ ಹಾಕಿಕೊಂಡು ಆಮೇಲೆ ಅದನ್ನೇ ರೂಢಿ ಮಾಡಿಕೊಂಡ. ನೋಡನೋಡುತ್ತ ನಾಚಿಕೆಯ ವಸ್ತು ತರುಣರ ಹೆಮ್ಮೆಯ ವಸ್ತುವಾಯಿತು. ಗಾಜು ಅದೇ, ಫ್ರೇಮು ಅದೇ. ಬದಲಾದದ್ದು ನೋಡುವವರ ಮನಸ್ಸು.

ನಮ್ಮಲ್ಲಿ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ನಡೆಸಿ ಕಣ್ಣಿನ ಪೊರೆ ತೆಗೆದ ಕಾಲದಲ್ಲಿ, ಕಣ್ಣಿನೊಳಗೇ ಮಸೂರ ಕೂಡಿಸುವ ಪದ್ಧತಿ ಇನ್ನೂ ಹಬ್ಬಿರಲಿಲ್ಲ. ಪೊರೆಯ ಜೊತೆಗೆ ಕಣ್ಣಿನ ಸಹಜ ಮಸೂರವೂ ಹೋಗುತ್ತಿದ್ದುದರಿಂದ ಅದರ ಬದಲಿಗೆ ಸುಮಾರು ಪ್ಲಸ್ 10 ನಂಬರಿನ ದಪ್ಪ ಗಾಜು ಬೇಕಾಗುತ್ತಿತ್ತು. ಅದರ ಹಿಂದೆ ಅಜ್ಜಿಯ ಕಣ್ಣು ಬಟ್ಟಲಿನಷ್ಟಗಲ ಕಾಣುತ್ತಿತ್ತು. ಮಕ್ಕಳು 'ಸೋಡಾಬುಡ್ಡಿ' ಎಂದು ನಗುತ್ತಿದ್ದರು. ಅಜ್ಜಿಗೆ ಅದರ ಪರಿವೆಯಿಲ್ಲ. ಮೊಮ್ಮಗನ ಮುಖ ಕಂಡಿತು, ಅಷ್ಟೇ ಸಾಕು. ಮುದುಕರಿಗೆ ಈ ಧೈರ್ಯವುಂಟು. ಹದಿನಾಲ್ಕು ವರ್ಷದವರಿಗೆ ಅದನ್ನು ನಿರೀಕ್ಷಿಸುವುದು ಅನ್ಯಾಯ. ಇದನ್ನು ನಾನು ಕಲಿತದ್ದು ತಡವಾಗಿ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮೊದಲ ಬಾರಿಗೆ ಕನ್ನಡಕ ಹಾಕಿಕೊಂಡು ಬಂದಳು. ಅಗಲವಾದ ಕಪ್ಪು ಫ್ರೇಮು. ಮೂಗಿನ ಮೇಲೆ ನಿಲ್ಲದೆ ಜಾರುತ್ತಿತ್ತು. ಅಂದು ಸಮಾಸದ ಪಾಠ. ಬಹುವ್ರೀಹಿಗೆ ಒಂದು ಉದಾಹರಣೆ ಬೇಕಾಗಿತ್ತು. "ಸೊಗಸಾದ ಲೋಚನಗಳುಳ್ಳವಳು ಯಾರೋ ಅವಳು ಸುಲೋಚನೆ, ಇಗೋ, ಇಲ್ಲೇ ಕೂತಿದ್ದಾಳೆ" ಎಂದುಬಿಟ್ಟೆ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಮಧ್ಯಾಹ್ನದ ಬಿಡುವಿನ ಹೊತ್ತಿಗೆ ಅದು 'ಸೋಡಾಬುಡ್ಡಿ ಸುಲೋಚನೆ' ಎಂದಾಗಿತ್ತು. ಮಾರನೆಯ ದಿನದಿಂದ ಅವಳ ಮುಖದಲ್ಲಿ ಕನ್ನಡಕವಿಲ್ಲ. ನಾನು ಗಮನಿಸಲಿಲ್ಲ. ತಿಂಗಳೆರಡು ಕಳೆದ ಮೇಲೆ ಅವಳ ಪುಸ್ತಕ ತಿದ್ದುವಾಗ, ಹಲಗೆಯ ಮೇಲೆ ಬರೆದ 'ಮನ' ಅವಳಲ್ಲಿ 'ವನ'ವಾಗಿತ್ತು, 'ಮಳೆ' 'ವಳೆ'ಯಾಗಿತ್ತು. ಗಮನವಿಲ್ಲವೆಂದು ಬೈದೆ. ಅವಳು ತಲೆ ತಗ್ಗಿಸಿ ನಿಂತಳೇ ಹೊರತು ಮಾತನಾಡಲಿಲ್ಲ.

ಪೋಷಕರ ಸಭೆಗೆ ಅವಳ ತಾಯಿ ಬಂದರು. "ಮನೇಲಿ ಹಾಕ್ಕೋತಾಳೆ ಮೇಷ್ಟ್ರೇ, ಸ್ಕೂಲಿಗೆ ಬರೋವಾಗ ಚೀಲದೊಳಗೆ ಇಟ್ಕೋತಾಳೆ. ಯಾರೋ ಏನೋ ಅಂದ್ರಂತೆ. ಅವರಣ್ಣನ ಹಳೇ ಫ್ರೇಮಿಗೇ ಗಾಜು ಹಾಕಿಸಿದ್ದು, ಅವಳ ಮುಖಕ್ಕೆ ದೊಡ್ಡದಾಯ್ತೇನೋ" ಎಂದರು. ಆ 'ಯಾರೋ' ನಾನೇ ಎಂದು ಅವರಿಗೆ ಹೇಳಿದೆ. ಮರುದಿನ ಅದೇ ತರಗತಿಯಲ್ಲಿ ತಪ್ಪನ್ನೂ ಒಪ್ಪಿಕೊಂಡೆ. ಆದರೆ ನನ್ನ ಮಾತಿನಿಂದ ಹೋದ ಕನ್ನಡಕ ನನ್ನ ಮಾತಿನಿಂದ ಹಿಂದಕ್ಕೆ ಬರಲಿಲ್ಲ. ದಸರಾ ರಜೆಯಲ್ಲಿ ತಾಯಿ ಅವಳನ್ನು ಅಂಗಡಿಗೆ ಕರೆದುಕೊಂಡು ಹೋಗಿ ಅವಳೇ ಆರಿಸಲೆಂದು ಬಿಟ್ಟರಂತೆ. ಕಂದುಬಣ್ಣದ ಒಂದು ತೆಳುವಾದ ಫ್ರೇಮನ್ನು ಹಾಕಿಕೊಂಡು ಬಂದಳು; ಮತ್ತೆ ತೆಗೆಯಲಿಲ್ಲ. ಕಣ್ಣಿನ ನಂಬರು ಬದಲಾಗಿರಲಿಲ್ಲ. ಬದಲಾದದ್ದು ಫ್ರೇಮು ಮಾತ್ರ. ಮುಖಕ್ಕೆ ಒಪ್ಪುವ ಫ್ರೇಮನ್ನು ಹುಡುಕುವುದು ಒಣ ಶೋಕಿಯೆಂದು ಅಂದಿನವರೆಗೆ ತಿಳಿದಿದ್ದೆ. ಹಾಗಲ್ಲ, ಹಾಕಿಕೊಳ್ಳದ ಕನ್ನಡಕದಿಂದ ಯಾರ ಕಣ್ಣೂ ಕಾಣುವುದಿಲ್ಲ. ಸುಲೋಚನವಾಗದೆ ಅದು ಉಪನೇತ್ರವೂ ಆಗಲಾರದು.

ಹಾಗಾದರೆ ಒಪ್ಪುವ ಫ್ರೇಮನ್ನು ತಿಳಿಯುವುದು ಹೇಗೆ? ಅಲಂಕಾರಶಾಸ್ತ್ರದಲ್ಲಿ ಔಚಿತ್ಯವೆಂಬ ತತ್ತ್ವವುಂಟು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಅದನ್ನು ವಿಸ್ತರಿಸಿದ. ಒಡವೆ ಒಡವೆಯಾಗುವುದು ಅದರ ಸ್ಥಾನದಲ್ಲಿದ್ದಾಗ ಮಾತ್ರವೆಂಬುದು ಅದರ ಸಾರ. ಫ್ರೇಮಿನಲ್ಲಿ ಈ ಔಚಿತ್ಯ ಸಾಮಾನ್ಯವಾಗಿ ವಿರೋಧದಿಂದ ಸಿದ್ಧಿಸುತ್ತದೆ. ದುಂಡು ಮುಖಕ್ಕೆ ದುಂಡು ಫ್ರೇಮು ಹಾಕಿದರೆ ದುಂಡು ಇಮ್ಮಡಿಯಾಗುತ್ತದೆ. ಅಲ್ಲಿ ಸ್ವಲ್ಪ ಕೋನವಿರುವ, ಎತ್ತರಕ್ಕಿಂತ ಅಗಲ ಹೆಚ್ಚಾಗಿರುವ ಫ್ರೇಮು ಮೇಲು. ದವಡೆ ಅಗಲವಾಗಿ ಮುಖ ಚೌಕವಾಗಿರುವವರಿಗೆ ದುಂಡು ಅಥವಾ ಮೊಟ್ಟೆಯಾಕಾರ ಗಡುಸನ್ನು ತಗ್ಗಿಸುತ್ತದೆ. ಉದ್ದ ಮುಖಕ್ಕೆ ಮೇಲಿಂದ ಕೆಳಕ್ಕೆ ಹೆಚ್ಚು ಅಳತೆಯುಳ್ಳ ಫ್ರೇಮು ಹಾಕಿದರೆ ಉದ್ದ ಮುರಿಯುತ್ತದೆ. ಹಣೆ ಅಗಲ, ಗದ್ದ ಚೂಪು ಇರುವವರಿಗೆ ಮೇಲಂಚು ಹಗುರವಾಗಿರಲಿ. ಹಣೆ ಕಿರಿದು, ದವಡೆ ಅಗಲ ಇರುವವರಿಗೆ ಮೇಲಂಚು ಎದ್ದು ಕಾಣಲಿ. ಕಣ್ಣುಗಳು ಹತ್ತಿರ ಹತ್ತಿರ ಇದ್ದರೆ ಮೂಗಿನ ಮೇಲೆ ಕೂರುವ ಭಾಗ ತೆಳ್ಳಗೆ, ತಿಳಿಬಣ್ಣದ್ದಾಗಿರುವುದು ಒಳ್ಳೆಯದು.

ಆದರೆ ಇವು ವ್ಯಾಕರಣದ ಸೂತ್ರಗಳಂತೆ, ಅಪವಾದಗಳು ಬಹಳ. ಆಕಾರಕ್ಕಿಂತ ಮುಖ್ಯವಾದವು ಅಳತೆಗಳು. ಫ್ರೇಮಿನ ಅಗಲ ಮುಖದ ಅಗಲದಷ್ಟೇ ಇರಬೇಕು. ಕಣ್ಣಪಾಪೆ ಗಾಜಿನ ನಡುವಿಗೆ ಸಮೀಪವಾಗಿ ಬರಬೇಕು. ನಕ್ಕಾಗ ಫ್ರೇಮು ಕೆನ್ನೆಯ ಮೇಲೆ ಏರಬಾರದು. ತಲೆ ಬಗ್ಗಿಸಿದಾಗ ಜಾರಬಾರದು. ಮೂಗಿನ ಸೇತುವೆ ತಗ್ಗಾಗಿರುವವರಿಗೆ ಮೂಗಿನ ಮೇಲೆ ಕೂರುವ ಪುಟ್ಟ ಪ್ಯಾಡುಗಳಿರುವ ಫ್ರೇಮು ಚೆನ್ನಾಗಿ ನಿಲ್ಲುತ್ತದೆ. ಮೈನಸ್ ನಂಬರು ಹೆಚ್ಚಾಗಿದ್ದರೆ ಗಾಜು ಅಂಚಿನಲ್ಲಿ ದಪ್ಪವಾಗುವುದರಿಂದ ಫ್ರೇಮು ಸಣ್ಣದಾದಷ್ಟೂ ಅಂಚು ತೆಳುವಾಗುತ್ತದೆ, ಭಾರವೂ ಇಳಿಯುತ್ತದೆ. ಮಕ್ಕಳಿಗೆ ಹಿರಿಯರ ಹಳೆಯ ಫ್ರೇಮು ಬೇಡ. ಬೆಳೆಯುತ್ತಾರೆಂದು ದೊಡ್ಡದನ್ನು ಕೊಳ್ಳಲು ಅದು ಅಂಗಿಯಲ್ಲ.

ಮೊದಲು ಹೇಳಿದ ಅನ್ಯೋನ್ಯಾಶ್ರಯದ ತೊಡಕಿಗೂ ಈಗ ಪರಿಹಾರ ಬಂದಿದೆ. ಹೊಸ ಫ್ರೇಮು ಹಾಕಿಕೊಂಡು ಮೊಬೈಲಿನಲ್ಲಿ ಒಂದು ಚಿತ್ರ ತೆಗೆಸಿ, ಹಳೆಯ ಕನ್ನಡಕ ಹಾಕಿಕೊಂಡು ಆ ಚಿತ್ರವನ್ನು ನಿಧಾನವಾಗಿ ನೋಡಿ. ಮಂಜು ಕರಗಿ ನಿಮ್ಮ ಮುಖ ನಿಮಗೇ ಕಾಣುತ್ತದೆ. ಆದರೂ ಮಕ್ಕಳ ವಿಷಯದಲ್ಲಿ ಕೊನೆಯ ತೀರ್ಪು ನಮ್ಮ ಬಾಯಲ್ಲೇ ಇರುತ್ತದೆ. ಮೊದಲ ಕನ್ನಡಕ ಹಾಕಿಕೊಂಡು ಒಂದು ಮಗು ನಿಮ್ಮ ಮನೆಯ ಹೊಸಿಲಲ್ಲಿ ನಿಂತಾಗ, ಬಾನುಲಿಯ ಸದ್ದನ್ನು ಒಂದು ಗಳಿಗೆ ತಗ್ಗಿಸಿ, ಅದರ ಮುಖವನ್ನು ನೋಡಿ, "ಚೆನ್ನಾಗಿದೆಯಲ್ಲೋ" ಎನ್ನಿ. ನನ್ನ ಹಾಗೆ ಉದಾಹರಣೆ ಕೊಡಲು ಹೋಗಬೇಡಿ.